ಅಕ್ಷತೆಯ ಆನೆ, ಹಿಟ್ಟಿನ ಹುಂಜ

ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ನಾವು ದಿನಾ ಮಾಡುವ ಕೆಲಸ. ಅದಕ್ಕೂ ಒಂದು ವ್ಯಾಕರಣವಿದೆ, ಒಂದು ನೀತಿಯೂ ಇದೆ.

ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಸತ್ಯನಾರಾಯಣ ಪೂಜೆ. ಹಾಲಿನ ಮೂಲೆಯಲ್ಲಿ ಮಂಟಪ, ಉಳಿದ ಜಾಗದಲ್ಲಿ ನೆಂಟರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದಾರೆ. ಪುರೋಹಿತರು ದೇವರಿಗೆ ಒಂದೊಂದೇ ಉಪಚಾರ ಹೇಳುತ್ತ ಹೋಗುತ್ತಾರೆ. ವಸ್ತ್ರ ಎಂದಾಗ ಹತ್ತಿಯ ಗೆಜ್ಜೆವಸ್ತ್ರ ಏರುತ್ತದೆ. ಆಭರಣ ಎಂದಾಗ, ‘ಅಕ್ಷತೆ ಹಾಕಿ’. ಛತ್ರ, ಚಾಮರ? ಅಕ್ಷತೆ. ಪಲ್ಲಕ್ಕಿ, ರಥ? ಅಕ್ಷತೆ. ಕುದುರೆ, ಆನೆ? ಅದಕ್ಕೂ ಅಕ್ಷತೆಯೇ. ಸೋಫಾ ಸಾಗಿಸಲು ಲಿಫ್ಟು ಸಾಲದ ಮನೆಗೆ ಐದು ನಿಮಿಷದಲ್ಲಿ ಆನೆ ಬಂದು ಹೋಗುತ್ತದೆ. ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಒಂದು ಮಗು ಮಾತ್ರ ಅಜ್ಜಿಯ ಸೆರಗು ಜಗ್ಗಿ ಕೇಳುತ್ತದೆ: ‘ಅಜ್ಜಿ, ಪ್ರಸಾದದ ಬದಲಿಗೂ ಅಕ್ಷತೆನೇ ಕೊಡ್ತಾರಾ?’

ಎಲ್ಲರೂ ನಗುತ್ತಾರೆ. ಆದರೆ ಮಗು ಕೇಳಿದ್ದು ದೊಡ್ಡ ಪ್ರಶ್ನೆ. ಯಾವುದರ ಬದಲಿಗೆ ಯಾವುದು ನಡೆದೀತು, ಯಾವುದು ನಡೆಯದು? ನಡೆಯುವುದಾದರೆ ಎಲ್ಲಿಯವರೆಗೆ? ಇದನ್ನೇ ವ್ಯಾಕರಣದಲ್ಲಿ ಪಾಣಿನಿ ಕೇಳಿದ, ಯಜ್ಞದ ವಿಧಿಗಳಲ್ಲಿ ಜೈಮಿನಿ ಕೇಳಿದ, ಆಯುರ್ವೇದದ ಪಂಡಿತರು ಕೇಳಿದರು. ಹುಣಸೆಹಣ್ಣು ಮುಗಿದಿದೆ ಎಂದು ಸಾರು ಕುದಿಯುವ ಹೊತ್ತಿಗೆ ತಿಳಿದಾಗ ನಾವೂ ಕೇಳಿಕೊಳ್ಳುತ್ತೇವೆ.

ಹೆಸರು ನಾಲ್ಕು, ಕೆಲಸ ಬೇರೆ ಬೇರೆ

‘ಬದಲು’ ಎಂಬ ಮಾತೇ ಹೊರಗಿನಿಂದ ಬಂದದ್ದು. ಮೂಲ ಅರಬ್ಬಿ, ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಬಂತು. ಬಂದದ್ದು ಇಲ್ಲಿ ಸುಮ್ಮನೆ ಕೂರಲಿಲ್ಲ, ಸಂಸಾರ ಹೂಡಿತು. ಇದ್ದ ವಸ್ತುವೇ ಬೇರೆ ರೀತಿಯಾದರೆ ‘ಬದಲಾವಣೆ’. ಎರಡು ವಸ್ತುಗಳು ಒಂದರ ಜಾಗಕ್ಕೆ ಇನ್ನೊಂದು ಹೋದರೆ ‘ಅದಲುಬದಲು’. ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿಗೆ ಆಗುವುದು ಇದೇ. ಒಂದು ಹೋಗಿ, ಅದರ ಜಾಗಕ್ಕೆ ಇನ್ನೊಂದು ಬಂದು, ಅದರ ಕೆಲಸ ಹೊತ್ತುಕೊಂಡರೆ ಅದು ‘ಬದಲಿ’. ಉತ್ತರ ಕರ್ನಾಟಕದಲ್ಲಿ ಸಾಹೇಬರಿಗೆ ವರ್ಗಾವಣೆಯಾದರೂ ‘ಬದ್ಲಿ ಆತು’ ಎನ್ನುತ್ತಾರೆ. ಕುರ್ಚಿ ಅಲ್ಲೇ, ಕೂರುವವರು ಬೇರೆ.

ನಾಲ್ಕನೆಯದು ‘ಪರ್ಯಾಯ’. ಈಗ ಅದನ್ನು ‘ಇನ್ನೊಂದು ಆಯ್ಕೆ’ ಎಂಬ ಅರ್ಥದಲ್ಲಿ ಬಳಸುತ್ತೇವೆ. ಮೊದಲ ಅರ್ಥ ‘ಸರದಿ’. ಉಡುಪಿಯಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ. ಎರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಕ್ಷಯಪಾತ್ರೆಯೂ ಸಟ್ಟುಗವೂ ಕೈ ಬದಲಾಗುತ್ತವೆ. ಯತಿಗಳು ಬದಲಾದರೂ ಪೂಜೆ ನಿಲ್ಲುವುದಿಲ್ಲ. ಒಳ್ಳೆಯ ಬದಲಿಯ ಗುಟ್ಟು ಅದೇ ಇರಬೇಕು: ಯಾರು, ಏನು ಎಂಬುದು ಬದಲಾಗಬಹುದು, ಕೆಲಸ ತಪ್ಪಬಾರದು.

ಗಂಟಲಿಗೆ ಗಂಟಲು, ತುಟಿಗೆ ತುಟಿ

ಏಳನೇ ತರಗತಿಯ ಕನ್ನಡ ಮೇಷ್ಟ್ರನ್ನು ಒಮ್ಮೆ ನೆನಪಿಸಿಕೊಳ್ಳಿ. ಲೋಪ, ಆಗಮ, ಆದೇಶ. ಎರಡು ಪದ ಸೇರುವಾಗ ಒಂದು ಅಕ್ಷರ ಎದ್ದು ಹೋದರೆ ಲೋಪ, ಹೊಸದೊಂದು ನಡುವೆ ಬಂದು ಕೂತರೆ ಆಗಮ, ಒಂದನ್ನು ಎಬ್ಬಿಸಿ ಇನ್ನೊಂದು ಕೂತರೆ ಆದೇಶ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಕಕಾರದ ಜಾಗಕ್ಕೆ ಗಕಾರ, ತಕಾರಕ್ಕೆ ದಕಾರ, ಪಕಾರಕ್ಕೆ ಬಕಾರ. ಇಷ್ಟನ್ನು ಉರು ಹೊಡೆದು ಅಂಕ ಪಡೆದವರು ಬಹಳ ಮಂದಿ. ಪಕಾರದ ಜಾಗಕ್ಕೆ ಗಕಾರ ಯಾಕೆ ಬರಲಿಲ್ಲ ಎಂದು ಕೇಳಿದವರು ಕಡಿಮೆ.

ಬಾಯಲ್ಲೇ ಉತ್ತರವಿದೆ, ಹೇಳಿ ನೋಡಿ. ಕ, ಗ ಎರಡೂ ಹುಟ್ಟುವುದು ಗಂಟಲ ಹತ್ತಿರ. ತ, ದ ಹಲ್ಲಿನ ಬಳಿ. ಪ, ಬ ತುಟಿಯಲ್ಲಿ. ಹೊರಗಿನವರನ್ನು ಕರೆದು ಕುರ್ಚಿ ಕೊಡಲಿಲ್ಲ, ಅದೇ ಮನೆಯ ಇನ್ನೊಬ್ಬರನ್ನು ಕೂರಿಸಿತು ಭಾಷೆ. ಪಾಣಿನಿ ಸಂಸ್ಕೃತಕ್ಕೆ ಇದನ್ನೇ ಸೂತ್ರವಾಗಿ ಬರೆದಿಟ್ಟ: ಒಂದರ ಸ್ಥಾನಕ್ಕೆ ಬರುವುದು ಅದಕ್ಕೆ ಅತ್ಯಂತ ಹತ್ತಿರದ್ದಾಗಿರಬೇಕು. ಎದ್ದು ಹೋಗುವುದನ್ನು ಅವನ ಪರಂಪರೆ ‘ಸ್ಥಾನಿ’ ಎಂದಿತು, ಬಂದು ಕೂರುವುದನ್ನು ‘ಆದೇಶ’ ಎಂದಿತು.

ಇನ್ನೊಂದು ಸೂತ್ರದಲ್ಲಿ ಆತ ಬಂದವನ ಹಕ್ಕುಗಳನ್ನೂ ಗೊತ್ತುಮಾಡುತ್ತಾನೆ. ಆದೇಶವನ್ನು ಸ್ಥಾನಿಯಂತೆಯೇ ನಡೆಸಿಕೊಳ್ಳಬೇಕು. ಮೂಲದ ಅಕ್ಷರವನ್ನೇ ನೆಚ್ಚಿಕೊಂಡ ವಿಧಿಗಳಿಗೆ ಮಾತ್ರ ಇದು ಅನ್ವಯಿಸದು. ಇದನ್ನು ವಿವರಿಸಲು ಮಹಾಭಾಷ್ಯದಲ್ಲಿ ಪತಂಜಲಿ ಕೊಡುವ ಲೋಕದ ಉದಾಹರಣೆ ಸೊಗಸಾಗಿದೆ. ಗುರುವಿನ ಮಗನನ್ನು ಗುರುವಿನಂತೆಯೇ ಕಾಣಬೇಕು, ಸರಿ. ಆದರೆ ಅವನ ಎಂಜಲು ಉಣ್ಣಬೇಕಾಗಿಲ್ಲ, ಕಾಲು ಹಿಡಿಯಬೇಕಾಗಿಲ್ಲ. ಬದಲಿಗೆ ಬಂದವನಿಗೆ ಮರ್ಯಾದೆ ಪೂರ್ತಿ, ಆದರೆ ಒಂದೆರಡು ಸಂಗತಿ ಮೂಲದವನಿಗೇ ಮೀಸಲು.

ಎಸ್ಸೆಸ್ಸೆಲ್ಸಿ ಗಣಿತಕ್ಕೂ ಇದೇ ಪದ ಬಂದಿದೆ, ‘ಆದೇಶ ವಿಧಾನ’. ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೂ ಎರಡು ಕಾಫಿಗೂ ಸೇರಿ 110 ರೂಪಾಯಿ ಬಿಲ್ಲು. ದೋಸೆಯ ಬೆಲೆ ಕಾಫಿಗಿಂತ 50 ರೂಪಾಯಿ ಹೆಚ್ಚು. ಎರಡೂ ಗೊತ್ತಿಲ್ಲದ ಬೆಲೆಗಳೇ. ದೋಸೆಯನ್ನು ಎಬ್ಬಿಸಿ ಅದರ ಜಾಗಕ್ಕೆ ‘ಒಂದು ಕಾಫಿ ಮತ್ತು 50’ ಎಂದು ಬರೆಯಿರಿ. ಈಗ ಮೂರು ಕಾಫಿಗೂ 50ಕ್ಕೂ ಸೇರಿ 110. ಕಾಫಿ 20, ದೋಸೆ 70. ಎದ್ದು ಹೋದದ್ದೂ ಅದರ ಜಾಗಕ್ಕೆ ಬಂದದ್ದೂ ಸಮ ಆಗಿದ್ದರಿಂದಲೇ ಲೆಕ್ಕ ಬಿಡಿಸಿಕೊಂಡಿತು. ಸಮ ಅಲ್ಲದ್ದನ್ನು ಅಲ್ಲಿ ಕೂರಿಸಿದ್ದರೆ ಉತ್ತರ ಬರುತ್ತಿತ್ತು, ತಪ್ಪು ಉತ್ತರ.

ಗಣಿತದಲ್ಲಿ ಬದಲಿಗೂ ಮೂಲಕ್ಕೂ ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಬದುಕಿನಲ್ಲಿ ಇರುತ್ತದೆ. ಬದಲಿಯ ಕಷ್ಟವೆಲ್ಲ ಹುಟ್ಟುವುದು ಆ ವ್ಯತ್ಯಾಸದಲ್ಲಿ.

ಹುಣಸೆ ಏನು ಮಾಡುತ್ತಿತ್ತು?

ಹುಣಸೆಹಣ್ಣಿಲ್ಲ ಎಂದರೆ ಕರಾವಳಿಯವರು ಬಿಂಬುಳಿಗೋ ಅಮಟೆಕಾಯಿಗೋ ಪುನರ್ಪುಳಿಗೋ ಕೈಹಾಕುತ್ತಾರೆ. ಮಲೆನಾಡಿನಲ್ಲಿ ಉಪ್ಪಾಗೆ ಹುಳಿ ಇದೆ. ಬಯಲುಸೀಮೆಯಲ್ಲಿ ಮಾವಿನಕಾಯಿ, ಟೊಮೆಟೊ, ನಿಂಬೆ. ಎಲ್ಲವೂ ಹುಳಿಯೇ. ಆದರೆ ಪುಳಿಯೋಗರೆ ಗೊಜ್ಜಿಗೆ ನಿಂಬೆ ಹಿಂಡಿ ನೋಡಿ, ಕೈ ಸುಟ್ಟುಕೊಳ್ಳುತ್ತೀರಿ. ಹುಣಸೆ ಅಲ್ಲಿ ಹುಳಿ ಕೊಟ್ಟು ಸುಮ್ಮನಿರುತ್ತಿರಲಿಲ್ಲ. ಎಣ್ಣೆಯಲ್ಲಿ ಗಂಟೆಗಟ್ಟಲೆ ಕುದಿದು ಮಂದವಾಗುತ್ತಿತ್ತು, ಬಣ್ಣ ಕೊಡುತ್ತಿತ್ತು, ಗೊಜ್ಜು ವಾರಗಟ್ಟಲೆ ಕೆಡದಂತೆ ಕಾಯುತ್ತಿತ್ತು. ನಿಂಬೆರಸ ಕುದಿದರೆ ಕಹಿ. ಒಲೆ ಆರಿಸಿದ ಮೇಲೆ ಹಿಂಡಬೇಕಾದ್ದು ಅದು. ಚಿತ್ರಾನ್ನಕ್ಕೆ ಹೇಳಿ ಮಾಡಿಸಿದ ನಿಂಬೆ ಪುಳಿಯೋಗರೆಗೆ ಬದಲಿಯಾಗಲಾರದು.

ಮೊಟ್ಟೆಯಿಲ್ಲದ ಕೇಕ್ ಮಾಡುವವರಿಗೆ ಈ ಪಾಠ ಚೆನ್ನಾಗಿ ಗೊತ್ತು. ಮೊಟ್ಟೆ ಕೇಕಿನಲ್ಲಿ ಹಿಟ್ಟನ್ನು ಹಿಡಿದಿಡುತ್ತದೆ, ಉಬ್ಬಿಸುತ್ತದೆ, ಪಸೆ ಉಳಿಸುತ್ತದೆ. ನೀರಲ್ಲಿ ನೆನೆದ ಅಗಸೆಪುಡಿ ಲೋಳೆಯಾಗಿ ಹಿಡಿದಿಟ್ಟೀತು, ಉಬ್ಬಿಸಲಾರದು. ಮೊಸರು, ಅಡುಗೆಸೋಡಾ ಸೇರಿದರೆ ಉಬ್ಬೀತು. ಒಂದು ಮೊಟ್ಟೆಯ ಜಾಗಕ್ಕೆ ಎರಡು ಮೂರು ಆಳು ಬೇಕಾಗುತ್ತದೆ. ಹಾಗಾಗಿ ‘ಇದರ ಬದಲಿಗೆ ಏನು ಹಾಕಲಿ’ ಎಂದು ಕೇಳುವ ಮೊದಲು ‘ಇದು ಇಲ್ಲಿ ಏನು ಮಾಡುತ್ತಿತ್ತು’ ಎಂದು ಕೇಳಬೇಕು.

ಅಮೆರಿಕಕ್ಕೆ ಮೊದಲು ಹೋದ ಕನ್ನಡಿಗರ ಅಡುಗೆಮನೆಗಳು ಇಂಥ ಪ್ರಯೋಗಶಾಲೆಗಳೇ ಆಗಿದ್ದವು. ಹತ್ತಿರದಲ್ಲಿ ಇಂಡಿಯನ್ ಸ್ಟೋರ್ ಇಲ್ಲದಾಗ ಬೆಳಗಿನ ಗಂಜಿಗೆಂದು ಮಾರುವ ಕ್ರೀಮ್ ಆಫ್ ವೀಟ್ ಉಪ್ಪಿಟ್ಟಿನ ರವೆಯಾಯಿತು. ಪ್ಯಾನ್‌ಕೇಕಿನ ಬಿಸ್ಕ್ವಿಕ್ ಹಾಲಿನಪುಡಿಯ ಜೊತೆ ಸೇರಿ ಜಾಮೂನಾಯಿತು. ರಿಕೋಟಾ ಚೀಸ್ ಖೋವಾದ ಜಾಗಕ್ಕೆ ಬಂತು.

ಜೈಮಿನಿಯ ಮೀಮಾಂಸಾಸೂತ್ರಗಳಲ್ಲಿ ಈ ಅಡುಗೆಮನೆಗಳಿಗೂ ಹೊಂದುವ ಒಂದು ಚರ್ಚೆಯಿದೆ. ಯಜ್ಞಕ್ಕೆ ಭತ್ತ ಬೇಕು. ಭತ್ತ ಕೆಟ್ಟುಹೋದರೆ ಅದನ್ನೇ ಹೋಲುವ ಕಾಡುಭತ್ತವನ್ನು, ನೀವಾರವನ್ನು, ಪ್ರತಿನಿಧಿಯಾಗಿ ತರಬಹುದು. ನೀವಾರವೂ ಮುಗಿದರೆ? ಆಗ ನೀವಾರವನ್ನು ಹೋಲುವುದನ್ನು ಹುಡುಕಬಾರದು, ಮತ್ತೆ ಭತ್ತವನ್ನು ಹೋಲುವುದನ್ನೇ ಹುಡುಕಬೇಕು. ಬದಲಿಯ ಬದಲಿಯನ್ನೂ ಅಳೆಯಬೇಕಾದ್ದು ಮೂಲದ ಅಳತೆಗೋಲಿನಿಂದ. ಇಲ್ಲದಿದ್ದರೆ ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪ ಸರಿದು, ಕೊನೆಗೆ ಹೊರಟದ್ದು ಎಲ್ಲಿಂದ ಎಂಬುದೇ ಮರೆತುಹೋಗುತ್ತದೆ.

ಎಳ್ಳೆಣ್ಣೆಯ ಸಾಕ್ಷಿ

ಹಾಗೆ ಮರೆತುಹೋದ ಕಥೆ ತುಪ್ಪದ್ದು. ಸಸ್ಯದ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದರೆ ತುಪ್ಪದ ಹಾಗೆ ಹರಳುಹರಳಾದ ವನಸ್ಪತಿ ಸಿಗುತ್ತದೆ. 1937ರಲ್ಲಿ ಡಾಲ್ಡಾ ಬಂತು. ತುಪ್ಪ ಕೊಳ್ಳಲಾಗದ ಮನೆಗಳಲ್ಲೂ ಹಬ್ಬದ ದಿನ ಕರಿದ ತಿಂಡಿ ಘಮಗುಟ್ಟಿತು. ಬರಬರುತ್ತ ಯಾವ ಕಂಪನಿಯ ವನಸ್ಪತಿಯಾದರೂ ಜನರ ಬಾಯಲ್ಲಿ ಡಾಲ್ಡಾ ಎಂದೇ ಆಯಿತು. ಜೊತೆಗೆ ಇನ್ನೊಂದು ದಂಧೆಯೂ ಶುರುವಾಯಿತು: ತುಪ್ಪಕ್ಕೆ ವನಸ್ಪತಿ ಬೆರೆಸಿ ತುಪ್ಪವೆಂದೇ ಮಾರುವುದು. ಕಣ್ಣಿಗೆ, ಮೂಗಿಗೆ ಸುಲಭವಾಗಿ ಸಿಕ್ಕಿಬೀಳದ ಮೋಸ.

ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ನೋಡಿ. ವನಸ್ಪತಿ ತಯಾರಿಸುವವರು ಅದರಲ್ಲಿ ಕನಿಷ್ಠ ಶೇ 5ರಷ್ಟು ಎಳ್ಳೆಣ್ಣೆ ಸೇರಿಸಲೇಬೇಕು ಎಂದು ಕಾನೂನು ಮಾಡಿತು. ರುಚಿಗಲ್ಲ, ಸಾಕ್ಷಿಗೆ. ಎಳ್ಳೆಣ್ಣೆಯಿರುವ ಕೊಬ್ಬಿಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಸೇರಿಸಿ ಕುಲುಕಿದರೆ ಕೆಂಪು ಬಣ್ಣ ಮೂಡುತ್ತದೆ. ಶುದ್ಧ ತುಪ್ಪದಲ್ಲಿ ಮೂಡುವುದಿಲ್ಲ. ಬದಲಿ ತನ್ನ ಹೆಸರನ್ನು ತನ್ನ ಮೈಯಲ್ಲೇ ಹೊತ್ತು ತಿರುಗುವಂತೆ ಮಾಡಿದ ಜಾಣತನ ಇದು.

ಬದಲಿಗೂ ಕಲಬೆರಕೆಗೂ ಇರುವ ಅಂತರವೂ ಇಷ್ಟೇ. ವಸ್ತು ಎರಡರಲ್ಲೂ ಅದೇ ಇರಬಹುದು. ಹೇಳಿ ಕೊಟ್ಟರೆ ಬದಲಿ, ಹೇಳದೆ ಕೊಟ್ಟರೆ ಕಲಬೆರಕೆ.

ಕಾಫಿಪುಡಿ ಅಂಗಡಿಯಲ್ಲಿ ‘ಎಂಬತ್ತು-ಇಪ್ಪತ್ತು ಕೊಡಿ’ ಎನ್ನುವಾಗ ನಾವು ಬದಲಿಯನ್ನು ಕೇಳಿ ಕೊಳ್ಳುತ್ತೇವೆ. ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡಿದರೆ ಕಾಫಿಯ ಬಣ್ಣ, ಕಾಫಿಯನ್ನು ಹೋಲುವ ಕಹಿ. ಕೆಫೀನ್ ಇಲ್ಲ. ನೆಪೋಲಿಯನ್ 1806ರಲ್ಲಿ ಇಂಗ್ಲೆಂಡಿನ ಮೇಲೆ ವ್ಯಾಪಾರ ದಿಗ್ಬಂಧನ ಹೇರಿದಾಗ ಯುರೋಪಿನಲ್ಲಿ ಕಾಫಿಬೀಜಕ್ಕೆ ಬರ ಬಂದು, ಚಿಕೋರಿಗೆ ಕಾಲ ಕೂಡಿಬಂತು. ಅವರಿಗಿದ್ದ ಬರ ನಮಗೆಲ್ಲಿ? ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲೇ ಎಷ್ಟೋ ಮನೆಗಳಿಗೆ ಚಿಕೋರಿಯಿಲ್ಲದ ಡಿಕಾಕ್ಷನ್ ‘ನೀರು ನೀರು’. ಅಭಾವಕ್ಕೆಂದು ಬಂದದ್ದು ಅಭ್ಯಾಸವಾಗಿ, ರುಚಿಯೇ ಆಗಿ ಉಳಿಯಿತು. ಅದರಲ್ಲಿ ತಪ್ಪೇನಿಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಅಚ್ಚಾಗಿರಬೇಕು ಎನ್ನುತ್ತದೆ ನಿಯಮ. ಮುಂದಿನ ಸಲ ಪೊಟ್ಟಣ ತಿರುಗಿಸಿ ಓದಿ.

ವನಸ್ಪತಿಯ ಕಥೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ಗಟ್ಟಿಯಾಗುವ ಹಾದಿಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿ ಎಂದು ಗೊತ್ತಾಗುವ ಹೊತ್ತಿಗೆ ದಶಕಗಳು ಕಳೆದಿದ್ದವು. 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ 2 ಮೀರಬಾರದೆಂಬ ಮಿತಿಯಿದೆ. ತುಪ್ಪದಂತೆ ಕಂಡದ್ದು ಬಾಣಲೆಯಲ್ಲಿ ತುಪ್ಪದ ಕೆಲಸ ಮಾಡಿತು. ಮೈಯೊಳಗೆ ಬೇರೆಯೇ ಕೆಲಸ ಮಾಡಿತು.

‘ಅದೇ ಸಾರ್, ಕಂಪನಿ ಬೇರೆ’

ಮೆಡಿಕಲ್ ಶಾಪಿನಲ್ಲಿ ಈ ಮಾತು ಕೇಳದವರಿಲ್ಲ. ಎಷ್ಟೋ ಸಲ ಅದು ನಿಜವೂ ಹೌದು. ಔಷಧದ ಮೂಲ ಅಂಶ, ಪ್ರಮಾಣ, ರೂಪ ಮೂರೂ ಒಂದೇ ಆಗಿದ್ದು ಹೆಸರೊಂದೇ ಬೇರೆಯಾದರೆ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ಒಳ್ಳೆಯ ಬದಲಿಯೇ. 2008ರಲ್ಲಿ ಶುರುವಾದ ಜನೌಷಧಿ ಯೋಜನೆ ನಿಂತಿರುವುದು ಈ ನಂಬಿಕೆಯ ಮೇಲೆ. ಆದರೂ ವೈದ್ಯರ ಚೀಟಿ ಬೇಕೇ ಬೇಕಾದ ‘ಶೆಡ್ಯೂಲ್ ಎಚ್’ ಔಷಧಗಳ ವಿಷಯದಲ್ಲಿ ನಿಯಮ ಬಿಗಿಯಾಗಿದೆ. ಬರೆದುಕೊಟ್ಟ ಔಷಧದ ಬದಲಿಗೆ ಇನ್ನೊಂದನ್ನು, ಅದರಲ್ಲಿ ಅದೇ ಅಂಶವಿದ್ದರೂ, ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ಬದಲಿಸುವ ಅಧಿಕಾರ ಗಲ್ಲಾದ ಹಿಂದೆ ಇಲ್ಲ, ವೈದ್ಯರನ್ನು ಕೇಳಬೇಕು.

ಆಯುರ್ವೇದ ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆದಿತ್ತು. ಹಿಮಾಲಯದ ಎಂಟು ಮೂಲಿಕೆಗಳಾದ ಅಷ್ಟವರ್ಗ ರಾಜರಿಗೂ ದುರ್ಲಭವೆಂದು 16ನೇ ಶತಮಾನದ ಭಾವಪ್ರಕಾಶ ಗ್ರಂಥ ಒಪ್ಪಿಕೊಂಡು, ಅವುಗಳ ಜಾಗಕ್ಕೆ ಶತಾವರಿ, ಅಶ್ವಗಂಧ, ವಿದಾರಿ, ವಾರಾಹಿಗಳನ್ನು ಸೂಚಿಸುತ್ತದೆ. ಜೊತೆಗೇ ಒಂದು ಎಚ್ಚರಿಕೆ: ಔಷಧದ ಯೋಗದಲ್ಲಿ ಜೊತೆಗಿರುವ ದ್ರವ್ಯಗಳಿಗೆ ಪ್ರತಿನಿಧಿ ಇರಬಹುದು, ಪ್ರಧಾನ ದ್ರವ್ಯಕ್ಕೆ ಇಲ್ಲ. ನೆಲ್ಲಿಕಾಯಿಯನ್ನೇ ಬದಲಿಸಿದರೆ ಅದು ಚ್ಯವನಪ್ರಾಶ ಆದೀತೇ?

ಬದಲಿ ಯಾರಿಗೆ ಎಂಬುದೂ ಮುಖ್ಯ. ರಕ್ತದೊತ್ತಡದವರಿಗೆಂದು ಮಾರುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗದ ಜಾಗಕ್ಕೆ ಪೊಟ್ಯಾಸಿಯಂ ಬಂದಿರುತ್ತದೆ. ಹಲವರಿಗೆ ಅದು ಹಿತ. ಮೂತ್ರಪಿಂಡದ ತೊಂದರೆ ಇರುವವರಿಗೆ ಅದೇ ಪೊಟ್ಯಾಸಿಯಂ ಅಪಾಯ. ಒಂದೇ ಡಬ್ಬಿ, ಒಂದೇ ಅಡುಗೆಮನೆ. ಗಂಡನಿಗೆ ಮದ್ದಾದದ್ದು ಹೆಂಡತಿಗೆ ವಿಷವಾಗಬಹುದು.

ಕೂಗಿದ ಹುಂಜ

ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ಲಾರಿಯ ಮುಂದೆ ಒಡೆಯುತ್ತೇವೆ. ಕೆಂಪು ಚೆಲ್ಲುತ್ತದೆ. ಬಲಿಯ ಜಾಗದಲ್ಲಿ ಕೂತ ಕಾಯಿ ಅದು. ಎಷ್ಟೋ ಪ್ರಾಣಿಗಳ ಕುತ್ತಿಗೆ ಉಳಿಸಿದೆ. ಚಿನ್ನ ಕೊಳ್ಳಲಾಗದ ಮನೆಯ ಮದುವೆಯಲ್ಲಿ ದಾರಕ್ಕೆ ಅರಿಶಿನ ಕೊಂಬು ಕಟ್ಟಿದರೂ ಅದು ತಾಳಿಯೇ. ಅಕ್ಷತೆಯ ಆನೆಯಂತೆ ಇಲ್ಲೆಲ್ಲ ಕೆಲಸ ಮಾಡುತ್ತಿರುವುದು ವಸ್ತುವಲ್ಲ, ಮನಸ್ಸು.

ಹಾಗಾದರೆ ಮನಸ್ಸಿನ ಲೆಕ್ಕವನ್ನೂ ಕೊಡಬೇಕಲ್ಲ? ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಹಿಡಿದದ್ದು ಇಲ್ಲಿಯೇ. ಹೆಂಡತಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಂಡ ರಾಜ ಯಶೋಧರ, ತಾಯಿಗೆ ಅದನ್ನು ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ದೋಷ ಕಳೆಯಲು ಬಲಿ ಕೊಡು ಎನ್ನುತ್ತಾಳೆ ಚಂದ್ರಮತಿ. ಹಿಂಸೆಗೆ ಒಪ್ಪದ ಮಗ, ಬಲಿ ಬಿಡದ ತಾಯಿ. ರಾಜಿಯಾಗಿ ಬಂದದ್ದು ಹಿಟ್ಟಿನ ಹುಂಜ. ಕತ್ತಿ ಬೀಸಿದಾಗ ಆ ಹಿಟ್ಟು ಕೂಗಿತು. ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಯಿತು. ಇದೇ ಕಥೆಯನ್ನು ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಮತ್ತೆ ಎತ್ತಿಕೊಂಡರು.

ಕುಂಬಳಕಾಯಿ ಒಡೆಯುವ ಎಲ್ಲರನ್ನೂ ಜನ್ನ ಬೈಯುತ್ತಿದ್ದಾನೆ ಎಂದಲ್ಲ. ಭಕ್ತಿಯಿಂದ ಹಾಕಿದ ಅಕ್ಕಿಕಾಳು ಆನೆಯಾಗುವುದಾದರೆ, ಕೊಲ್ಲುವ ಸಂಕಲ್ಪದಿಂದ ಬೀಸಿದ ಕತ್ತಿಗೆ ಹಿಟ್ಟೂ ಹುಂಜವಾಗುತ್ತದೆ ಎಂಬುದು ಆತನ ತರ್ಕ. ಮೊದಲನೆಯದನ್ನು ನಂಬಿ ಎರಡನೆಯದನ್ನು ಬಿಡಲಾಗದು.

ಹನ್ನೆರಡನೆಯವನ ಪಾಲು

ವಸ್ತುಗಳ ಮಾತಾಯಿತು. ಮನುಷ್ಯರಿಗೆ ಬದಲಿ?

ಕ್ರಿಕೆಟ್ಟಿನಲ್ಲಿ ಬದಲಿ ಆಟಗಾರ ಬಹಳ ಕಾಲ ಬರೀ ಫೀಲ್ಡರ್. ಬ್ಯಾಟು ಹಿಡಿಯುವಂತಿಲ್ಲ, ಬೌಲ್ ಮಾಡುವಂತಿಲ್ಲ. 2019ರ ಆಗಸ್ಟಿನಿಂದ, ತಲೆಗೆ ಪೆಟ್ಟು ಬಿದ್ದು ಕಂಕಷನ್ ಆದವನ ಜಾಗಕ್ಕೆ ಪೂರ್ತಿ ಆಡುವ ಬದಲಿ ಬಂದ. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಇಳಿದ ಮಾರ್ನಸ್ ಲಬುಶೇನ್ ಮೊದಲಿಗ. ಷರತ್ತು ಒಂದೇ: ಬರುವವನು ಹೋದವನಿಗೆ ಸರಿಸಮಾನನಾಗಿರಬೇಕು. ಪಾಣಿನಿಯ ಸೂತ್ರ ಲಾರ್ಡ್ಸ್ ಮೈದಾನ ತಲುಪಿತ್ತು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಆಲ್‌ರೌಂಡರ್ ಜಡೇಜನ ಜಾಗಕ್ಕೆ ಬಂದ ಲೆಗ್ ಸ್ಪಿನ್ನರ್ ಚಾಹಲ್ ಮೂರು ವಿಕೆಟ್ ಕಿತ್ತಾಗ ಎದ್ದ ಜಗಳವೂ ಅದೇ, ಇದು ಸರಿಸಮ ಹೇಗೆ?

ಮೈದಾನದ ಬದಲಿಗೆ ಚಪ್ಪಾಳೆ ಉಂಟು. ಬಟ್ಟೆ ಗಿರಣಿಗಳ ಬದ್ಲಿ ಕಾರ್ಮಿಕರಿಗೆ ಅದೂ ಇರಲಿಲ್ಲ. ಪಾಳಿ ಶುರುವಾಗುವ ಮೊದಲು ಗೇಟಿನ ಮುಂದೆ ನಿಲ್ಲಬೇಕು. ಕಾಯಂ ಕಾರ್ಮಿಕ ಬಾರದಿದ್ದರೆ ಮಾತ್ರ ಆ ದಿನದ ಕೂಲಿ. 1947ರ ಕೈಗಾರಿಕಾ ವಿವಾದ ಕಾಯ್ದೆ ‘ಬದ್ಲಿ’ ಎಂಬ ಪದವನ್ನೇ ಎತ್ತಿಕೊಂಡು ಅರ್ಥ ಬರೆಯಿತು: ಹಾಜರಿ ಪುಸ್ತಕದಲ್ಲಿ ಹೆಸರಿರುವ ಇನ್ನೊಬ್ಬನ ಜಾಗದಲ್ಲಿ ದುಡಿಯುವವನು. ಆದರೆ ಒಂದು ವರ್ಷ ಎಡೆಬಿಡದೆ ದುಡಿದರೆ, ಲೇ-ಆಫ್ ಪರಿಹಾರ ಕೊಡುವಾಗ ಅವನನ್ನು ಬದ್ಲಿ ಎಂದು ಕಾಣುವಂತಿಲ್ಲ ಎಂದೂ ಸೇರಿಸಿತು.

ಭತ್ತ, ನೀವಾರಗಳ ಬಗ್ಗೆ ಜೈಮಿನಿ ನಡೆಸಿದ ಚರ್ಚೆಗೆ ಇನ್ನೊಮ್ಮೆ ಹೋಗೋಣ. ಧಾನ್ಯಕ್ಕೆ ಪ್ರತಿನಿಧಿ ಇರಬಹುದು. ದೇವತೆಗೆ, ಮಂತ್ರಕ್ಕೆ, ಅಗ್ನಿಗೆ, ಯಜಮಾನನಿಗೆ ಇಲ್ಲ. ಒಂದೇ ವಿನಾಯಿತಿ ಸತ್ರಯಾಗ. ಅಲ್ಲಿ ಹಲವರು ಸೇರಿ ಯಜಮಾನರು. ನಡುವೆ ಒಬ್ಬ ತೀರಿಕೊಂಡರೆ ಸಂಖ್ಯೆ ತುಂಬಿಸಲು ಹೊರಗಿನವನೊಬ್ಬನನ್ನು ತರಬಹುದು. ಯಜಮಾನನ ದೀಕ್ಷೆ, ವ್ರತ, ನಿಯಮ ಎಲ್ಲವನ್ನೂ ಅವನು ಪಾಲಿಸಬೇಕು. ಯಾಗದ ಫಲ ಮಾತ್ರ ಅವನಿಗಿಲ್ಲ; ಯಾಕೆಂದರೆ ಅವನು ಯಜಮಾನನಲ್ಲ, ಕೆಲಸಕ್ಕೆ ಬಂದವನು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ಸರ್ಕಾರಿ ಶಾಲೆ ಕಾಲೇಜುಗಳ ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು. ಖಾಲಿ ಹುದ್ದೆಯ ಜಾಗದಲ್ಲಿ ಕೂತವರು. ಪಾಠ ಅದೇ, ಮಕ್ಕಳು ಅವೇ, ಮೌಲ್ಯಮಾಪನದ ಹೊರೆಯೂ ಅದೇ. ಸಂಬಳಕ್ಕೆ ಮಾತ್ರ ‘ಗೌರವಧನ’ ಎಂಬ ಬದಲಿ ಹೆಸರು. ಅತಿಥಿ ಎಂದು ಕರೆದು ಹತ್ತು ಹದಿನೈದು ವರ್ಷ ದುಡಿಸಿಕೊಳ್ಳುವ ಮನೆಯನ್ನು ಏನೆನ್ನಬೇಕು?

ಬದಲಿಯನ್ನು ಅಳೆಯಲು ಹಿರಿಯರು ಬಿಟ್ಟುಹೋದ ಪ್ರಶ್ನೆಗಳು ಸರಳ. ಮೂಲ ಏನು ಮಾಡುತ್ತಿತ್ತು? ಬಂದದ್ದು ಅದನ್ನು ಮಾಡುತ್ತದೆಯೇ? ತನ್ನ ಹೆಸರು ಹೇಳಿಕೊಂಡು ಬಂದಿದೆಯೇ? ಅಕ್ಕಿ, ಎಣ್ಣೆ, ಮಾತ್ರೆ, ಉಪ್ಪಿಗೆ ಇಷ್ಟು ಸಾಕು. ಬದಲಿಗೆ ಬಂದದ್ದು ಮನುಷ್ಯನಾದರೆ ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಲೇಬೇಕು: ಕೆಲಸ ಪೂರ್ತಿ ಮಾಡಿದವನಿಗೆ ಫಲ ಪೂರ್ತಿ ಸಿಕ್ಕಿತೇ? ಪಾಣಿನಿಯ ಲೆಕ್ಕದಲ್ಲಿ ಸ್ಥಾನಕ್ಕೆ ಬಂದ ಅಕ್ಷರಕ್ಕೂ ಸ್ಥಾನದ ಹಕ್ಕಿದೆ. ಮನುಷ್ಯನಿಗೆ ಅದಕ್ಕಿಂತ ಕಡಿಮೆ ಕೊಡುವುದು ನ್ಯಾಯವಲ್ಲ.